ಬೆಂಕಿ ಆರಿದ ನಾಡಿನಲ್ಲಿ ಕೂಲಿಯ ಲೆಕ್ಕ



ಕುವೈಟ್ ಸಣ್ಣ ದೇಶ. ಅದರ ವಿಸ್ತೀರ್ಣ 17,818 ಚದರ ಕಿಲೋಮೀಟರು. ನಮ್ಮ ಕಾಸರಗೋಡು ಜಿಲ್ಲೆಯಂಥ ಒಂಬತ್ತು ಜಿಲ್ಲೆಗಳನ್ನು ಒಂದರ ಪಕ್ಕ ಒಂದು ಇಟ್ಟರೆ ಆಗುವಷ್ಟು. ಅಲ್ಲಿ ಹೊಳೆಯಿಲ್ಲ, ತೋಡಿಲ್ಲ, ಗುಡ್ಡವೂ ಹೆಸರಿಗೆ ಮಾತ್ರ. ಆದರೂ ನಮ್ಮ ಗಡಿನಾಡಿನ ಮನೆಗಳಲ್ಲಿ ಆ ದೇಶದ ಹೆಸರು ಪಕ್ಕದ ಊರಿನ ಹೆಸರಿನಷ್ಟೇ ಸಲಿಗೆಯಿಂದ ಬಾಯಿಗೆ ಬರುತ್ತದೆ. ಕಾಸರಗೋಡಿನ ಗಾರೆಯವರು, ಗೋವೆಯ ಅಡುಗೆಯವರು, ಕಡಪ ಮತ್ತು ಗೋದಾವರಿ ಸೀಮೆಗಳಿಂದ ಮನೆಗೆಲಸಕ್ಕೆ ಹೋದ ತೆಲುಗು ಅಕ್ಕಂದಿರು, ಇವರೆಲ್ಲರ ಮನೆಗಳ ಒಲೆ ಆ ಮರಳುಗಾಡಿನ ದುಡಿಮೆಯಿಂದ ಉರಿದದ್ದುಂಟು. ಈ ಸಂಬಂಧ ಎಣ್ಣೆಗಿಂತ ಹಳೆಯದು. ಕುವೈಟಿನ ಹಾಯಿಹಡಗುಗಳು ಖರ್ಜೂರ ತುಂಬಿಕೊಂಡು ನಮ್ಮ ಪಶ್ಚಿಮ ಕರಾವಳಿಗೆ ಬಂದು, ಹಡಗು ಕಟ್ಟುವುದಕ್ಕೆ ಮಲಬಾರಿನ ತೇಗವನ್ನು ಕೊಂಡುಹೋಗುತ್ತಿದ್ದವು. 1961ರ ವರೆಗೆ ಅಲ್ಲಿ ಕೈಯಿಂದ ಕೈಗೆ ಓಡಾಡುತ್ತಿದ್ದ ಹಣವೂ ರೂಪಾಯಿಯೇ.

ನಾನು 1992ರಿಂದ 2003ರ ವರೆಗೆ ಹನ್ನೊಂದು ವರ್ಷ ಅಲ್ಲಿ ವಯರಿಂಗ್ ಕೆಲಸ ಮಾಡಿದವನು. ಊರಿಗೆ ಬಂದ ಮೇಲೆ ಮದುವೆ ಮನೆಯಲ್ಲಾಗಲಿ, ಬಸ್ಸಿನಲ್ಲಾಗಲಿ, ನನ್ನನ್ನು ಕೇಳುವ ಪ್ರಶ್ನೆ ಒಂದೇ: “ಯುದ್ಧವಾದ ಮೇಲೆ ಆ ದೇಶ ಹೇಗಿತ್ತು ಮಾರಾಯರೇ?” ಕೇಳುವವರಿಗೆ ಬೇಕಾದದ್ದು ಉರಿಯುವ ಎಣ್ಣೆಬಾವಿಗಳ ಕಥೆ. ಆ ಕಥೆಯೂ ಉಂಟು, ಹೇಳುತ್ತೇನೆ. ಆದರೆ ಹನ್ನೊಂದು ವರ್ಷ ನೋಡಿ ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತ ಮಾತು ಬೇರೆ. ಕಷ್ಟ ಕಂಡ ಜನರು ಇನ್ನೊಬ್ಬರ ಕಷ್ಟವನ್ನು ಅರಿಯುತ್ತಾರೆ ಎಂದು ನಾವು ಸಾಮಾನ್ಯವಾಗಿ ನಂಬುತ್ತೇವೆ. ಅರಿಯುವುದು ನಿಜ. ಆದರೆ ಆ ಅರಿವನ್ನು ಕಾಯಿದೆಯಲ್ಲಿ ಬರೆದಿಡದೆ ಹೋದರೆ ಅದು ಒಂದು ಬೇಸಿಗೆಯಷ್ಟೂ ಬಾಳುವುದಿಲ್ಲ. ಕುವೈಟಿನ ಯುದ್ಧಾನಂತರದ ಬದುಕು ನನಗೆ ಕಲಿಸಿದ್ದು ಇದನ್ನೇ.

1990ರ ಆಗಸ್ಟ್ 2ರ ಬೆಳಗಿನ ಜಾವ ಇರಾಕಿನ ಸೈನ್ಯ ಕುವೈಟಿನೊಳಕ್ಕೆ ನುಗ್ಗಿತು. ಅಮೀರರು ಸೌದಿ ಅರೇಬಿಯಕ್ಕೆ ಹೋಗಿ ತಾಯಿಫ್ ಪಟ್ಟಣದಿಂದ ದೇಶಭ್ರಷ್ಟ ಸರಕಾರ ನಡೆಸಬೇಕಾಯಿತು. ಲಕ್ಷಾಂತರ ಪ್ರಜೆಗಳು ಉಟ್ಟ ಬಟ್ಟೆಯಲ್ಲಿ ಗಡಿ ದಾಟಿದರು. ನಿನ್ನೆಯ ವರೆಗೆ ಪರದೇಶದವರಿಗೆ ಕೆಲಸ ಕೊಡುತ್ತಿದ್ದವರು ಈಗ ಪರದೇಶದವರ ಮನೆಗಳಲ್ಲಿ ಅತಿಥಿಗಳಾದರು. ಕುವೈಟಿ ದಿನಾರನ್ನು ಇರಾಕಿ ದಿನಾರಿಗೆ ಸಮವೆಂದು ಸಾರಿದಾಗ ಕೂಡಿಟ್ಟ ಹಣ ಕಣ್ಣೆದುರೇ ಕರಗಿಹೋಯಿತು.

ಊರಲ್ಲೇ ಉಳಿದ ಕುವೈಟಿಗಳ ಸಂಗತಿ ಇನ್ನೂ ವಿಶೇಷವಾದದ್ದು. ಪರದೇಶದ ಕೂಲಿಗಳು ಓಡಿಹೋಗಿದ್ದರು. ರೊಟ್ಟಿ ಸುಡುವವರಿಲ್ಲ, ಕಸ ಎತ್ತುವವರಿಲ್ಲ. ಆಗ ಆ ದೇಶದ ಪ್ರಜೆಗಳೇ, ಅವರಲ್ಲಿ ಕಚೇರಿಯ ಅಧಿಕಾರಿಗಳೂ ಕಾಲೇಜು ಓದಿದವರೂ ಇದ್ದರು, ಖುಬ್ಬೂಸ್ ಒಲೆಯ ಮುಂದೆ ನಿಂತು ರೊಟ್ಟಿ ಸುಟ್ಟರು. ಬೀದಿಯ ಕಸವನ್ನು ಕೈಯಿಂದ ಎತ್ತಿ ಲಾರಿಗೆ ಹಾಕಿದರು. ಅವರು ‘ಜಮಿಯಾ’ ಎಂದು ಕರೆಯುವ ಬಡಾವಣೆಯ ಸಹಕಾರಿ ಅಂಗಡಿಗಳ ಮೂಲಕ ಇದ್ದ ಅಕ್ಕಿ ಬೇಳೆಯನ್ನು ಹಂಚಿಕೊಂಡು ತಿಂದರು. ನಾನು ಕೆಲಸ ಮಾಡಿದ ಒಂದು ಶಾಲೆಯ ಹತ್ತಿರ ಒಬ್ಬ ಹಿರಿಯರು ಇದ್ದರು. ಮುಂಬಯಿಯ ಹಳೆಯ ವ್ಯಾಪಾರದಿಂದ ಕಲಿತ ಹಿಂದಿಯಲ್ಲಿ ಮಾತಾಡುತ್ತಿದ್ದರು. “ಏಳು ತಿಂಗಳು ನಾನು ರೊಟ್ಟಿ ಸುಟ್ಟೆ. ಮೊದಲ ವಾರ ಕೈಯೆಲ್ಲ ಬೊಬ್ಬೆ. ನಮ್ಮ ಬೀದಿಯ ಇರಾನಿ ರೊಟ್ಟಿಯವನ ಮುಖವನ್ನು ಅಲ್ಲಿಯ ತನಕ ನಾನು ಸರಿಯಾಗಿ ನೋಡಿಯೇ ಇರಲಿಲ್ಲ” ಎಂದು ಅವರು ಹೇಳಿದ್ದರು. ಇಂಥ ಮಾತು ಆಡಿದವರು ಆ ದೇಶದಲ್ಲಿ ಅವರೊಬ್ಬರೇ ಅಲ್ಲ.

ಇತ್ತ ನಮ್ಮವರ ಪಾಡು ವಾಚಕರಲ್ಲಿ ಹಲವರಿಗೆ ನೆನಪಿದ್ದೀತು. ವಿದೇಶಾಂಗ ಮಂತ್ರಿ ಐ. ಕೆ. ಗುಜ್ರಾಲರು ಬಾಗ್ದಾದಿಗೆ ಹೋಗಿ ಮಾತುಕತೆ ನಡೆಸಿದರು. ಜನರು ಬಸ್ಸು ಲಾರಿಗಳಲ್ಲಿ ಇರಾಕನ್ನು ದಾಟಿ ಜೋರ್ಡಾನಿನ ಗಡಿ ಮುಟ್ಟಿ, ಮರುಭೂಮಿಯ ಡೇರೆಗಳಲ್ಲಿ ನೀರಿಗೂ ರೊಟ್ಟಿಗೂ ಸಾಲು ನಿಂತರು. ಏರ್ ಇಂಡಿಯಾ ಅಮ್ಮಾನಿನಿಂದ 488 ಹಾರಾಟಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ಊರಿಗೆ ತಂದಿತು. ಜೀವ ಉಳಿಯಿತು. ಆದರೆ ಬಾಕಿ ಸಂಬಳ, ಕೋಣೆಯಲ್ಲಿ ಬಿಟ್ಟ ಪೆಟ್ಟಿಗೆ, ಹತ್ತು ವರ್ಷದ ದುಡಿಮೆಯ ಮೇಲೆ ಸಿಗಬೇಕಾದ ಕೊನೆಯ ಹಣ ಎಲ್ಲವೂ ಹಿಂದೆ ಉಳಿದವು.

1991ರ ಫೆಬ್ರವರಿ 26ರಂದು ಕುವೈಟ್ ನಗರ ಬಿಡುಗಡೆಯಾಯಿತು. ಹಿಂದೆಗೆಯುವ ಸೈನ್ಯ ಆರುನೂರಕ್ಕೂ ಹೆಚ್ಚು ಎಣ್ಣೆಬಾವಿಗಳಿಗೆ ಬೆಂಕಿ ಕೊಟ್ಟಿತ್ತು. ಮಧ್ಯಾಹ್ನದಲ್ಲಿಯೇ ಕತ್ತಲೆ, ಮಳೆ ಬಂದರೆ ಕಪ್ಪು ಮಳೆ. ಇದನ್ನು ಆರಿಸಲು ವರ್ಷಗಳೇ ಬೇಕೆಂದು ತಜ್ಞರು ಅಂದಾಜು ಮಾಡಿದ್ದರು. ಅಮೆರಿಕ, ಕೆನಡಾ, ಇರಾನ್, ಚೀನ, ಹಂಗೇರಿ, ರಷ್ಯ ಮುಂತಾದ ಅನೇಕ ದೇಶಗಳ ತಂಡಗಳೂ ಕುವೈಟಿಗಳದೇ ಒಂದು ತಂಡವೂ ಸೇರಿ, ಮೊದಲು ಎಣ್ಣೆಯನ್ನು ಕಡಲಿಗೆ ಒಯ್ಯುತ್ತಿದ್ದ ಕೊಳವೆಗಳಲ್ಲಿಯೇ ಕಡಲ ನೀರನ್ನು ಬಾವಿಗಳ ಕಡೆಗೆ ಹಾಯಿಸಿ, 1991ರ ನವೆಂಬರ್ 6ರಂದು ಕೊನೆಯ ಬಾವಿಯನ್ನು ಮುಚ್ಚಿದರು. ಮನುಷ್ಯರ ದುಡಿಮೆಯ ಚರಿತ್ರೆಯಲ್ಲಿ ಇದು ದೊಡ್ಡ ಕಾರ್ಯವೆಂದು ಯಾರೂ ಒಪ್ಪಬೇಕು.

ನಾನು ಹೋಗುವಷ್ಟರಲ್ಲಿ ಹೊಗೆ ಇರಲಿಲ್ಲ. ಆದರೆ ದಕ್ಷಿಣದ ಬುರ್ಗಾನ್ ಕಡೆಗೆ ಕೆಲಸಕ್ಕೆ ಕರೆದುಕೊಂಡು ಹೋದಾಗ ರಸ್ತೆಯ ಆಚೆ ಎಣ್ಣೆಯ ಕೆರೆಗಳು ಬಿಸಿಲಿಗೆ ಹೊಳೆಯುತ್ತಿದ್ದವು. ನೀರೆಂದು ತಿಳಿದು ಇಳಿದ ಹಕ್ಕಿಗಳು ಅಲ್ಲೇ ಅಂಟಿಕೊಂಡು ಸಾಯುತ್ತಿದ್ದವು. ಮಸಿ, ಎಣ್ಣೆ, ಮರಳು ಮೂರೂ ಸೇರಿ ನೆಲದ ಮೇಲೆ ಡಾಂಬರಿನಂಥ ಹೆಪ್ಪು ಕಟ್ಟಿತ್ತು. ಆ ಎಣ್ಣೆ ಕುಡಿದ ಮಣ್ಣನ್ನು ಶುದ್ಧ ಮಾಡುವ ಕೆಲಸ ಮೂವತ್ತು ವರ್ಷಗಳ ಬಳಿಕವೂ ಮುಗಿದಿರಲಿಲ್ಲ.

ಮರಳಿನಡಿ ಹುಗಿದ ಸ್ಫೋಟಕಗಳ ವಿಷಯ ಇನ್ನೂ ಭಯಂಕರ. ಹತ್ತು ಲಕ್ಷಕ್ಕೂ ಹೆಚ್ಚು ನೆಲಬಾಂಬುಗಳನ್ನು ಒಂದೊಂದಾಗಿ ತೆಗೆಯಬೇಕಾಯಿತು. ಈ ಕೆಲಸಕ್ಕೆ ಬಂದವರಲ್ಲಿ ಬಾಂಗ್ಲಾದೇಶದ ಸೈನಿಕರೂ ಇದ್ದರು. ತಮ್ಮ ಕಾರ್ಯಕ್ಕೆ ಅವರು ಇಟ್ಟ ಹೆಸರು ‘ಕುವೈಟ್ ಪುನರ್ಗಠನ’. ಆ ಮಾತು ನಮಗೂ ಅರ್ಥವಾಗುವಂಥದ್ದೇ. ಬೇರೆ ಬೇರೆ ದೇಶಗಳಿಂದ ಬಂದ ಬಡವರ ಮಕ್ಕಳು ಆ ಮರಳಿನಲ್ಲಿ ಕೈಕಾಲು ಕಳೆದುಕೊಂಡರು, ಕೆಲವರು ಪ್ರಾಣವನ್ನೇ ಕೊಟ್ಟರು.

ಹೀಗೆ ಆ ನಾಡು ಮತ್ತೆ ಎದ್ದು ನಿಂತಿತು. ನಾವು ವಯರಿಂಗಿನವರು ಮಾಡಿದ ಕೆಲಸ ಸಣ್ಣದು. ಸೈನಿಕರು ಬಿಡಾರ ಮಾಡಿದ ಶಾಲೆಗಳಲ್ಲಿ ಸ್ವಿಚ್ಚು, ಪಂಕ, ತಂತಿ ಎಲ್ಲವನ್ನೂ ಗೋಡೆಯಿಂದ ಕಿತ್ತು ಒಯ್ದಿದ್ದರು. ಗೋಡೆಗಳಲ್ಲಿ ಬರೇ ತೂತುಗಳು. ಒಂದೊಂದು ಕೋಣೆಗೂ ಹೊಸದಾಗಿ ತಂತಿ ಎಳೆದು, ದೀಪ ಹತ್ತಿಸಿ, ಮಕ್ಕಳು ಬಂದು ಕೂತದ್ದನ್ನು ನೋಡಿದಾಗ ಆದ ಸಂತೋಷವನ್ನು ನಾನು ಅಲ್ಲಗಳೆಯುವುದಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಪರದೇಶಿಯ ಪಾಡನ್ನು ಸ್ವತಃ ಉಂಡು, ರೊಟ್ಟಿ ಸುಟ್ಟು, ಕಸ ಎತ್ತಿ ಬಂದ ಆ ನಾಡು ತನ್ನೊಳಗಿನ ಪರದೇಶಿಗಳೊಂದಿಗೆ ಹೇಗೆ ನಡೆದುಕೊಂಡಿತು?

ಯುದ್ಧಕ್ಕೆ ಮೊದಲು ಕುವೈಟಿನಲ್ಲಿ ಸುಮಾರು ನಾಲ್ಕು ಲಕ್ಷ ಪ್ಯಾಲೆಸ್ತೀನಿಯರಿದ್ದರು. ಆ ದೇಶದ ಮಕ್ಕಳಿಗೆ ಅಕ್ಷರ ಕಲಿಸಿದವರು, ರಸ್ತೆ ನಕ್ಷೆ ಬರೆದವರು, ಆಸ್ಪತ್ರೆ ನಡೆಸಿದವರು ಅವರು. ಅವರ ನಾಯಕ ಅರಾಫತ್ ಸದ್ದಾಮ್ ಹುಸೇನರ ಕಡೆಗೆ ವಾಲಿದ್ದು ನಿಜ. ಆದರೆ ಅಲ್ಲಿದ್ದ ಪ್ಯಾಲೆಸ್ತೀನಿಯರಲ್ಲಿ ಕುವೈಟಿಗಳನ್ನು ಬಚ್ಚಿಟ್ಟು ಕಾಪಾಡಿದವರೂ ಇದ್ದರು. ಬಿಡುಗಡೆಯಾದ ಮೇಲೆ ಹೂಡಿದ ಸೇನಾಡಳಿತದ ತಿಂಗಳುಗಳಲ್ಲಿ ತಪ್ಪು ಮಾಡಿದವನನ್ನೂ ಮಾಡದವನನ್ನೂ ಬೇರೆ ಮಾಡಿ ನೋಡುವ ತಾಳ್ಮೆ ಇರಲಿಲ್ಲ. ಹಲವರು ಹಿಂಸೆಗೆ ಒಳಗಾದರು. ಮಿಕ್ಕವರಿಗೆ ಕೆಲಸವಿಲ್ಲ, ವಾಸದ ಪರವಾನಗಿ ಇಲ್ಲ. ನಾಲ್ಕು ಲಕ್ಷದಲ್ಲಿ ಕೆಲವೇ ಹತ್ತು ಸಾವಿರ ಮಂದಿ ಉಳಿದರು.

‘ಬಿದೂನ್’ ಎಂಬವರದ್ದು ಇನ್ನೊಂದು ಕಥೆ. ಆ ಶಬ್ದಕ್ಕೆ ‘ಇಲ್ಲದವರು’ ಎಂದರ್ಥ, ಪೌರತ್ವವಿಲ್ಲದವರು. ಅಲ್ಲಿಯೇ ಹುಟ್ಟಿ, ಅಲ್ಲಿಯ ಸೈನ್ಯಕ್ಕೆ ಸೇರಿ, ಆ ದೇಶಕ್ಕಾಗಿ ಸತ್ತವರೂ ಅವರಲ್ಲಿದ್ದಾರೆ. ಯುದ್ಧದ ಬಳಿಕ ಅವರಲ್ಲಿ ಅನೇಕರಿಗೆ ಕೆಲಸವೂ ತಪ್ಪಿತು, ಹೊರಗೆ ಹೋದವರಿಗೆ ಹಿಂದಿರುಗುವ ದಾರಿಯೂ ಮುಚ್ಚಿತು.

ಮನೆಗೆಲಸದ ಹೆಂಗಸರ ಪಾಡನ್ನು ಕೇಳಿ. 1992ರಲ್ಲಿ ಮಿಡ್ಲ್ ಈಸ್ಟ್ ವಾಚ್ ಎಂಬ ಮಾನವ ಹಕ್ಕು ಸಂಸ್ಥೆ ಪ್ರಕಟಿಸಿದ ವರದಿಯ ಪ್ರಕಾರ, ಬಿಡುಗಡೆಯ ನಂತರದ ಸುಮಾರು ಒಂದು ವರ್ಷದಲ್ಲಿ ಹತ್ತಿರ ಹತ್ತಿರ ಎರಡು ಸಾವಿರ ಹೆಂಗಸರು ಯಜಮಾನರ ಮನೆಗಳಿಂದ ಓಡಿಬಂದರು. ಶ್ರೀಲಂಕಾ, ಫಿಲಿಪ್ಪೀನ್ಸ್, ಬಾಂಗ್ಲಾದೇಶ ಮತ್ತು ನಮ್ಮ ಭಾರತದ ಹೆಂಗಸರು ಅವರು. ರಾಯಭಾರ ಕಚೇರಿಗಳ ನೆಲದ ಮೇಲೆ ಮಲಗಿದರು. ಸಂಬಳ ಕೊಡಲಿಲ್ಲ, ಹೊಡೆದರು, ಮಾನಕ್ಕೆ ಕೈಹಾಕಿದರು ಎಂಬುದೇ ಅವರ ದೂರು. ಸೆರೆಯ ನೋವನ್ನು ಉಂಡ ನಾಡಿನ ಮನೆಗಳಲ್ಲಿಯೇ ಹೊರಗಿನಿಂದ ಬೀಗ ಹಾಕಿದ ಕೋಣೆಗಳಿದ್ದವು.

ಈ ವಿರೋಧಾಭಾಸ ನನ್ನನ್ನು ಬಹುಕಾಲ ಕಾಡಿತು. ಕುವೈಟಿಗಳು ಮರೆಯುವ ಜನವಲ್ಲ. ಇರಾಕಿಗೆ ಎಳೆದೊಯ್ದ 605 ಮಂದಿಯ ಹೆಸರನ್ನು ಅವರು ಒಂದು ದಿನವೂ ಬಿಡಲಿಲ್ಲ. ಅವರಲ್ಲಿ ಬೇರೆ ದೇಶದವರೂ ಇದ್ದರು. ಬೀದಿಬೀದಿಗಳಲ್ಲಿ ಅವರ ಬಿಡುಗಡೆಗಾಗಿ ಫಲಕಗಳಿದ್ದವು. 2003ರಲ್ಲಿ ಸದ್ದಾಮರ ಆಡಳಿತ ಬಿದ್ದ ಮೇಲೆ ಇರಾಕಿನ ಮರಳುಗುಂಡಿಗಳಲ್ಲಿ ಎಲುಬುಗಳು ಸಿಕ್ಕಿದಾಗಲೇ ಎಷ್ಟೋ ತಾಯಂದಿರು ಕಾಯುವುದನ್ನು ನಿಲ್ಲಿಸಿದ್ದು. ಖುರೈನ್ ಎಂಬಲ್ಲಿ ಪ್ರತಿಭಟನೆಯ ಯುವಕರು ಕಾದಾಡಿ ಸತ್ತ ಮನೆಯನ್ನು ಗುಂಡಿನ ತೂತುಗಳ ಸಮೇತ ಹಾಗೆಯೇ ಇಟ್ಟು ಸ್ಮಾರಕ ಮಾಡಿದ್ದಾರೆ. ನಾನೂ ಹೋಗಿ ನೋಡಿ ತಲೆಬಾಗಿ ಬಂದಿದ್ದೇನೆ. ಹೀಗಿರಲಾಗಿ ನೆನಪಿನ ಕೊರತೆ ಅಲ್ಲಿ ಇರಲಿಲ್ಲ. ತಮ್ಮ ಗಾಯವನ್ನು ನೆನಪಿಟ್ಟರು. ಆ ನೆನಪಿನಿಂದ ಒಂದು ನಿಯಮವನ್ನು ಮಾಡಲಿಲ್ಲ. ಕೊರತೆ ಇದ್ದದ್ದು ಇಲ್ಲಿ.

ಇದಕ್ಕೆ ನನ್ನ ಸ್ವಂತ ಅನುಭವದಿಂದ ಒಂದು ದೃಷ್ಟಾಂತ ಕೊಡುತ್ತೇನೆ. 1995ರಲ್ಲಿ ನಾನು ಕೆಲಸಕ್ಕಿದ್ದ ಗುತ್ತಿಗೆದಾರನು ಐದು ತಿಂಗಳು ಸಂಬಳ ತಡೆದನು. ನನ್ನದು ‘ಶೂನ್ ವೀಸಾ’; ಅಂದರೆ ಕಾರ್ಮಿಕ ಇಲಾಖೆಯ ಲೆಕ್ಕದಲ್ಲಿರುವ ಹದಿನೆಂಟನೆಯ ನಂಬ್ರದ ವೀಸಾ. ದಿನದಿನದ ಹಾಜರಿ ಚೀಟಿಗಳನ್ನು ನಾನು ಬಿಸ್ಕತ್ತಿನ ಡಬ್ಬಿಯಲ್ಲಿ ಜೋಡಿಸಿ ಇಟ್ಟಿದ್ದೆನು. ಅವುಗಳನ್ನು ಹಿಡಿದುಕೊಂಡು ಇಲಾಖೆಗೆ ಎಂಟು ಸಲ ಅಲೆದೆನು. ಕೊನೆಗೆ ಮೂರು ತಿಂಗಳ ಹಣ ಕೈಗೆ ಬಂತು. ಅದೇ ಕಾಲದಲ್ಲಿ ನಮ್ಮ ಕೋಣೆಯಲ್ಲಿದ್ದ ಒಬ್ಬ ಅಡುಗೆಯವನದ್ದು ‘ಖಾದಿಂ ವೀಸಾ’. ಮನೆಗೆಲಸದವರಿಗೆ ಕೊಡುವ ಇಪ್ಪತ್ತನೆಯ ನಂಬ್ರದ್ದು. ಅವನಿಗೆ ಬರಬೇಕಾದದ್ದು ಒಂಬತ್ತು ತಿಂಗಳ ಸಂಬಳ. 1964ರ ಕಾರ್ಮಿಕ ಕಾಯಿದೆ ಮನೆಗೆಲಸದವರನ್ನು ಹೊರಗಿಟ್ಟಿದ್ದರಿಂದ ಆ ಕಚೇರಿಯಲ್ಲಿ ಅವನ ದೂರನ್ನು ಬರೆದುಕೊಳ್ಳುವ ಪುಸ್ತಕವೇ ಇರಲಿಲ್ಲ. ಅವನ ಯಜಮಾನ ಕೆಟ್ಟವನೆಂದು ನಾನು ಹೇಳುವುದಿಲ್ಲ. ಹಬ್ಬಕ್ಕೆ ಬಟ್ಟೆ ಕೊಡಿಸುತ್ತಿದ್ದನು, ಜ್ವರ ಬಂದಾಗ ತಾನೇ ಕಾರಿನಲ್ಲಿ ಆಸ್ಪತ್ರೆಗೆ ಒಯ್ದಿದ್ದನು. ಕೈ ಬಿಗಿಯಾದಾಗ ಮಾತ್ರ ಮೊದಲು ಉಳಿಸಿಕೊಂಡದ್ದು ಅಡುಗೆಯವನ ಸಂಬಳವನ್ನು. ಅವನು ಬರಿಗೈಯಲ್ಲಿ ಊರಿಗೆ ಹೋದನು. ಒಂದೇ ಕೋಣೆ, ಒಂದೇ ಬೆವರು. ಇಬ್ಬರ ನಡುವೆ ಇದ್ದ ವ್ಯತ್ಯಾಸ ಕಾಯಿದೆಯ ಒಂದು ವಾಕ್ಯ ಮಾತ್ರ.

ಸಂಘ ಕಟ್ಟಿ ಕೇಳಬಾರದಿತ್ತೇ ಎಂದು ಕೆಲವರು ಕೇಳಬಹುದು. ಆ ಕಾಯಿದೆಯ ಪ್ರಕಾರ ಪರದೇಶದ ಕಾರ್ಮಿಕನು ಐದು ವರ್ಷ ಅಲ್ಲಿ ವಾಸವಾದ ಮೇಲೆ ಯೂನಿಯನ್ ಸೇರಬಹುದಿತ್ತು. ಆದರೆ ಅವನಿಗೆ ಮತವಿಲ್ಲ, ನಾಯಕನಾಗಿ ನಿಲ್ಲುವ ಹಕ್ಕಿಲ್ಲ. ಆದಕಾರಣ ನಮಗೆ ಉಳಿದದ್ದು ಶುಕ್ರವಾರದ ರಜೆ ಮತ್ತು ಕುವೈಟ್ ನಗರದ ಇವ್ಯಾಂಜೆಲಿಕಲ್ ಸಭೆಯ ಅಂಗಳ. ಹಳೆಯ ಅಮೆರಿಕನ್ ಮಿಶನ್ನಿನವರು ಕಟ್ಟಿದ ಆ ಆವರಣದಲ್ಲಿ ಶುಕ್ರವಾರ ಬೆಳಗಿನಿಂದ ರಾತ್ರಿಯ ವರೆಗೆ ಹತ್ತಾರು ಭಾಷೆಗಳಲ್ಲಿ ಆರಾಧನೆ ನಡೆಯುತ್ತಿತ್ತು. ಆರಾಧನೆ ಮುಗಿದು ಹೊರಗೆ ಬಂದರೆ ಗೇಟಿನ ಹತ್ತಿರ ಮಾತು ಒಂದೇ: ಯಾರಿಗೆ ಸಂಬಳ ಬಂತು, ಯಾರ ಪಾಸ್‌ಪೋರ್ಟು ಕಫೀಲನ ಕೈಯಲ್ಲಿದೆ, ಯಾರ ಅಕಾಮಾ ಮುಗಿಯಿತು. ತಮಿಳರು, ಮಲೆಯಾಳಿಗಳು, ತೆಲುಗರು, ಫಿಲಿಪ್ಪೀನಿನವರು ಎಲ್ಲರೂ ಅಲ್ಲಿಯೇ ಒಬ್ಬರಿಂದ ಒಬ್ಬರು ದಾರಿ ಕೇಳಿಕೊಳ್ಳುತ್ತಿದ್ದರು. ನಮ್ಮ ಪಾಲಿಗೆ ಅದೇ ಸಭೆ, ಅದೇ ಸಂಘ.

ಇನ್ನು ಅದೇ ಯುದ್ಧದಿಂದ ಹುಟ್ಟಿದ ಇನ್ನೊಂದು ಲೆಕ್ಕವನ್ನು ನೋಡೋಣ. 1991ರಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯು ಪರಿಹಾರ ಆಯೋಗವೊಂದನ್ನು ನೇಮಿಸಿತು. ಇರಾಕಿನ ಎಣ್ಣೆಯ ಮಾರಾಟದಿಂದ ಒಂದು ಪಾಲನ್ನು ತೆಗೆದು ನಷ್ಟವಾದವರಿಗೆ ಕೊಡುವುದು ಅದರ ಕೆಲಸ. ಸಾಧಾರಣವಾಗಿ ಇಂಥಲ್ಲಿ ಮೊದಲ ಸಾಲಿನಲ್ಲಿ ನಿಲ್ಲುವವರು ಸರಕಾರಗಳು ಮತ್ತು ದೊಡ್ಡ ಕಂಪೆನಿಗಳು. ಆದರೆ ಈ ಆಯೋಗ ಮಾಡಿದ ನಿಯಮವೇ ಬೇರೆ. ಮೊದಲು ಬಿಡಿ ಮನುಷ್ಯರು, ಆಮೇಲೆ ಕಂಪೆನಿಗಳು ಮತ್ತು ಸರಕಾರಗಳು ಎಂದು ಬರೆದಿಟ್ಟಿತು. ಯುದ್ಧಕಾಲದಲ್ಲಿ ಕುವೈಟ್ ಅಥವಾ ಇರಾಕನ್ನು ಬಿಟ್ಟು ಹೊರಟೆನೆಂದು ತೋರಿಸಿದರೆ ಸಾಕು, ಒಬ್ಬನಿಗೆ 2,500 ಡಾಲರು, ಕುಟುಂಬಕ್ಕೆ 5,000 ಡಾಲರು. ಬೇರೆ ಬೇಡಿಕೆ ಇಡದವರಿಗೆ 4,000 ಮತ್ತು 8,000. ಈ ಒಂದು ವರ್ಗದಲ್ಲಿಯೇ ಸುಮಾರು ಒಂಬತ್ತು ಲಕ್ಷ ಅರ್ಜಿಗಳು ಬಂದವು. ಬಾಕಿ ಸಂಬಳ, ಬಿಟ್ಟುಬಂದ ಸಾಮಾನುಗಳಿಗೆ ಬೇರೊಂದು ವರ್ಗವಿತ್ತು. ವಯರ್‌ಮನ್ ಎಂದಾಗಲಿ, ಅಡುಗೆಯವನೆಂದಾಗಲಿ, ಶೂನ್ ವೀಸಾ ಖಾದಿಂ ವೀಸಾ ಎಂದಾಗಲಿ ಭೇದವಿರಲಿಲ್ಲ.

1990ರ ದಶಕದ ನಡುವಿನಲ್ಲಿ ಆ ಹಣ ಭಾರತ ಸರಕಾರದ ಮೂಲಕ ನಮ್ಮ ಊರುಗಳಿಗೂ ಬಂತು. ಆಗಿನ ದರದಲ್ಲಿ 2,500 ಡಾಲರೆಂದರೆ ಎಂಬತ್ತು ತೊಂಬತ್ತು ಸಾವಿರ ರೂಪಾಯಿ. ಆ ಹಣದಿಂದ ಸಾಲ ತೀರಿಸಿದವರು, ಹೆಂಚು ಹೊದಿಸಿದವರು, ಆಟೋ ರಿಕ್ಷಾ ಕೊಂಡವರು ಇದ್ದಾರೆ. ಆಯೋಗ 2022ರ ಜನವರಿಯಲ್ಲಿ ಕೊನೆಯ ಕಂತನ್ನು ಕೊಟ್ಟು ಮುಗಿಸಿತು. ಒಟ್ಟು 5,240 ಕೋಟಿ ಡಾಲರು. ಆ ಹಣದ ಹಿಂದೆಯೂ ಒಂದು ನೋವಿದೆ. ಅದು ಬಂದದ್ದು ಸದ್ದಾಮರ ಕಿಸೆಯಿಂದಲ್ಲ, ದಿಗ್ಬಂಧನದಲ್ಲಿ ಔಷಧಿಗೂ ಪರದಾಡಿದ ಇರಾಕಿನ ಜನರ ನೆಲದಿಂದ. ಯುದ್ಧ ಮಾಡಿದವನೊಬ್ಬ, ತೆತ್ತವರು ಬೇರೆಯವರು. ಇದನ್ನು ಮರೆತು ಆ ಆಯೋಗವನ್ನು ಹೊಗಳುವುದು ಸರಿಯಲ್ಲ. ಆದರೂ ದುಡಿಯುವವನನ್ನು ಸಾಲಿನ ಮೊದಲಲ್ಲಿ ನಿಲ್ಲಿಸುವುದು ಸಾಧ್ಯವೆಂಬುದನ್ನು ಅದು ಜಗತ್ತಿಗೆ ತೋರಿಸಿತು.

ನನ್ನ ವಾದ ಇಷ್ಟೇ. ಒಂದೇ ಯುದ್ಧ, ಅದೇ ಕೂಲಿಗಳು. ನಿಯಮ ಬರೆದಲ್ಲಿ ಬಡವನಿಗೆ ಸಿಕ್ಕಿತು. ಒಳ್ಳೆಯ ಮನಸ್ಸಿಗೆ ಬಿಟ್ಟಲ್ಲಿ ಕೆಲವರಿಗೆ ಸಿಕ್ಕಿತು, ಹೆಚ್ಚಿನವರಿಗೆ ಸಿಗಲಿಲ್ಲ. ಮೋಶೆಯ ಧರ್ಮಶಾಸ್ತ್ರವನ್ನು ಓದುವವರಿಗೆ ಇದು ಹೊಸ ಮಾತಲ್ಲ. ಐಗುಪ್ತದಲ್ಲಿ ಪರದೇಶಿಗಳಾಗಿದ್ದ ನೆನಪನ್ನು ಅಲ್ಲಿ ಬರೀ ಹಾಡಿನಲ್ಲಿ ಬಿಡಲಿಲ್ಲ; ಕೂಲಿಯ ಹಣವನ್ನು ಸಂಜೆಯೊಳಗೆ ಕೊಡಬೇಕು, ಅನ್ಯನಿಗೂ ಹೊಲದಲ್ಲಿ ಹಕ್ಕಲಿನ ಪಾಲು ಬಿಡಬೇಕು ಎಂಬ ಕಟ್ಟಳೆಗಳಾಗಿ ಮಾಡಿದರು. ನೆನಪು ಕಟ್ಟಳೆಯಾದಾಗ ಮಾತ್ರ ಮೊಮ್ಮಕ್ಕಳ ಕಾಲಕ್ಕೂ ಉಳಿಯುತ್ತದೆ.

ಕುವೈಟಿನಲ್ಲಿಯೂ ಕಟ್ಟಳೆ ಬಂತು, ಆದರೆ ನಿಧಾನವಾಗಿ. 2010ರಲ್ಲಿ ಖಾಸಗಿ ರಂಗದ ಕಾರ್ಮಿಕರಿಗೆ ಹೊಸ ಕಾಯಿದೆ ಬಂತು. ಮನೆಗೆಲಸದವರು ಆಗಲೂ ಹೊರಗೆ. 2015ರಲ್ಲಿ ಅವರಿಗಾಗಿ ಬೇರೆ ಕಾಯಿದೆಯಾಗಿ ವಾರಕ್ಕೊಂದು ರಜೆ, ದಿನಕ್ಕೆ ಹನ್ನೆರಡು ಗಂಟೆಯ ಮಿತಿ, ವರ್ಷಕ್ಕೆ ಸಂಬಳ ಸಹಿತ ಮೂವತ್ತು ದಿನದ ರಜೆ ಎಂದು ಬರೆಯಲಾಯಿತು. ಪಾಸ್‌ಪೋರ್ಟು ತೆಗೆದಿಟ್ಟುಕೊಳ್ಳುವುದನ್ನು ನಿಷೇಧಿಸಲಾಯಿತು. 2016ರಲ್ಲಿ ಕನಿಷ್ಠ ಸಂಬಳ 60 ದಿನಾರ್ ಎಂದು ನಿಗದಿಯಾಯಿತು. ಬಿಡುಗಡೆಯಾದ ವರ್ಷದಿಂದ ಎಣಿಸಿದರೆ ಆ ಕಾಯಿದೆಗೆ ಇಪ್ಪತ್ತನಾಲ್ಕು ವರ್ಷ ಬೇಕಾಯಿತು. ಎಣ್ಣೆಬಾವಿಗಳ ಬೆಂಕಿ ಆರಲು ಒಂಬತ್ತು ತಿಂಗಳೂ ಬೇಕಾಗಿರಲಿಲ್ಲ.

ಬರೆದ ಕಾಯಿದೆಯೂ ಕಾವಲಿಲ್ಲದಿದ್ದರೆ ಕಾಗದವೇ. 2024ರ ಜೂನ್ 12ರ ನಸುಕಿನಲ್ಲಿ ಮಂಗಫ್ ಎಂಬಲ್ಲಿ ಕಾರ್ಮಿಕರನ್ನು ತುಂಬಿಸಿದ್ದ ಕಟ್ಟಡಕ್ಕೆ ಬೆಂಕಿ ಬಿತ್ತು. ನಿದ್ದೆಯಲ್ಲಿದ್ದವರು ಹೊಗೆಗೆ ಸಿಕ್ಕಿ ಸತ್ತರು. ಸತ್ತವರಲ್ಲಿ 45 ಮಂದಿ ಭಾರತೀಯರು. ಅರ್ಧದಷ್ಟು ಜನ ಕೇರಳದವರು. ನಮ್ಮ ಕಾಸರಗೋಡು ಜಿಲ್ಲೆಯವರೂ, ಕಲಬುರಗಿ ಜಿಲ್ಲೆಯ ಒಬ್ಬರೂ ಅವರಲ್ಲಿದ್ದರು. ವಾಯುಸೇನೆಯ ವಿಮಾನ ಶವಗಳನ್ನು ಕೊಚ್ಚಿಗೆ ತಂದಾಗ ಮಂತ್ರಿಗಳೆಲ್ಲರೂ ಸಾಲಾಗಿ ನಿಂತರು. ಒಂದು ಕೋಣೆಯಲ್ಲಿ ಎಷ್ಟು ಮಂದಿ ಮಲಗಬೇಕು, ಬೆಂಕಿ ಬಿದ್ದರೆ ಯಾವ ಬಾಗಿಲಿನಿಂದ ಓಡಬೇಕು ಎಂಬುದನ್ನು ಆ ರಾತ್ರಿಗೆ ಮೊದಲು ಹೋಗಿ ನೋಡಿದವರಿದ್ದರೆ ಆ ಸಾಲಿನ ಅಗತ್ಯವಿರುತ್ತಿತ್ತೇ?

“ಅನ್ನ ಕೊಟ್ಟ ದೇಶದ ಮೇಲೆ ಇಷ್ಟೆಲ್ಲ ದೂರು ಹೇಳಬಹುದೇ?” ಎಂದು ನನ್ನನ್ನು ಕೇಳಿದವರುಂಟು. ಅನ್ನ ಕೊಟ್ಟದ್ದು ನಿಜ. ಆ ಋಣ ನನಗೂ ಉಂಟು. ಆದರೆ ಕೂಲಿ ದಾನವಲ್ಲ. ನಾವು ಅಲ್ಲಿ ಉಂಡದ್ದು ನಾವು ಎಳೆದ ತಂತಿಯ, ಹೊತ್ತ ಕಲ್ಲಿನ, ತೊಳೆದ ಪಾತ್ರೆಯ ಬೆಲೆಯನ್ನು. ಇನ್ನು ಕೆಲವರು “ಅರಬರು ಅಂಥವರೇ” ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಅದು ಸುಳ್ಳು. ಹಾಗೆ ಹೇಳುವವರು ಒಮ್ಮೆ ನಮ್ಮ ಊರಿನ ಕಡೆಗೇ ಕಣ್ಣು ತಿರುಗಿಸಿ ನೋಡಲಿ.

ಇಂದು ಕಾಸರಗೋಡಿನ ಕೆಂಪು ಕಲ್ಲಿನ ಕೋರೆಗಳಲ್ಲಿ ಕಲ್ಲು ಹೊರುವವರು ಯಾರು? ಗಲ್ಫಿನ ಹಣದಿಂದ ಏಳುವ ಮಹಡಿ ಮನೆಗಳಿಗೆ ಗಾರೆ ಕಲಸುವವರು ಯಾರು? ಒಡಿಶಾದವರು, ಬಂಗಾಳದವರು, ಅಸ್ಸಾಮಿನವರು, ಬಿಹಾರದವರು. ಕೇರಳದಲ್ಲಿ ಅವರನ್ನು ‘ಅತಿಥಿ ಕಾರ್ಮಿಕರು’ ಎಂದು ಕರೆಯುತ್ತಾರೆ; ಹೆಸರು ಚೆನ್ನಾಗಿದೆ. ಆದರೆ ಒಂದು ಸಣ್ಣ ಕೋಣೆಯಲ್ಲಿ ಹತ್ತು ಮಂದಿ, ಹೊರಗೆ ಒಂದೇ ನಳ್ಳಿ, ಕಂತ್ರಾಟುದಾರನ ಬಾಯಿಮಾತಿನ ಮೇಲೆ ಕೂಲಿ, ಕೋರೆಯಲ್ಲಿ ಕಲ್ಲು ಉರುಳಿ ಸತ್ತರೆ ಊರಿಗೆ ತಿಳಿಸಲು ವಿಳಾಸವಿಲ್ಲ ಎಂಬ ಸ್ಥಿತಿ ಹಲವು ಕಡೆ ಉಂಟು. ಇವರಿಗೆ ಕೆಲಸ ಕೊಡುವವರಲ್ಲಿ ಗಲ್ಫಿನಲ್ಲಿ ಇಂಥದೇ ಕೋಣೆಯಲ್ಲಿ ಮಲಗಿ ಬಂದವರು ಎಷ್ಟೋ ಮಂದಿ ಇದ್ದಾರೆ. ರೊಟ್ಟಿ ಸುಟ್ಟ ಕುವೈಟಿಗೂ ನಮಗೂ ಇರುವ ಅಂತರ ಎಷ್ಟು ಎಂಬುದನ್ನು ವಾಚಕರೇ ಅಳೆಯಲಿ.

ಆದಕಾರಣ ನಮ್ಮ ಕೂಟದ ಮುಂದೆ ಎರಡು ಕೆಲಸಗಳನ್ನು ಇಡಲು ಬಯಸುತ್ತೇನೆ.

ಮೊದಲನೆಯದು, ಹೊರಗೆ ಹೋಗುವವರಿಗಾಗಿ. ಪಾಸ್‌ಪೋರ್ಟಿನ ಮತ್ತು ಕೆಲಸದ ಕರಾರಿನ ಒಂದು ಪ್ರತಿ ಮನೆಯಲ್ಲಿರಲಿ. ವೀಸಾ ಯಾವ ನಂಬ್ರದ್ದು, ಅದಕ್ಕೆ ಯಾವ ಕಾಯಿದೆ ಅನ್ವಯಿಸುತ್ತದೆ ಎಂದು ಹೋಗುವ ಮೊದಲೇ ತಿಳಿಯಲಿ. ಪ್ರವಾಸಿ ಭಾರತೀಯ ಬಿಮಾ ಯೋಜನೆಯಂಥ ವಿಮೆಯನ್ನೂ, ಕೇರಳದವರು ಪ್ರವಾಸಿ ಕ್ಷೇಮ ಮಂಡಳಿಯ ಸದಸ್ಯತ್ವವನ್ನೂ ಮಾಡಿಸಿಕೊಳ್ಳಲಿ. ಹಾಜರಿ ಚೀಟಿ, ಸಂಬಳದ ರಶೀದಿ ಒಂದನ್ನೂ ಎಸೆಯಬಾರದು. ಒಳ್ಳೆಯ ಯಜಮಾನ ಸಿಕ್ಕಿದರೂ ಎಸೆಯಬಾರದು.

ಎರಡನೆಯದು, ಇಲ್ಲಿಗೆ ಬಂದವರಿಗಾಗಿ. ನಮ್ಮ ಸದಸ್ಯರಲ್ಲಿ ಮನೆ ಕಟ್ಟಿಸುವವರು, ಕೋರೆ ನಡೆಸುವವರು, ತೋಟದ ಕೆಲಸ ಮಾಡಿಸುವವರು ಪ್ರತಿಯೊಬ್ಬ ಹೊರಗಿನ ಕೆಲಸಗಾರನ ಹೆಸರು, ಊರು, ದಿನಗೂಲಿಯನ್ನು ಒಂದು ಪುಸ್ತಕದಲ್ಲಿ ಬರೆದು ಅವನ ಸಹಿ ಹಾಕಿಸಲಿ. ಹಣ ಕಂತ್ರಾಟುದಾರನಿಗೆ ಕೊಟ್ಟದ್ದು ಸಾಲದು. ಕೆಲಸಗಾರನ ಕೈಗೆ ಮುಟ್ಟಿತೇ ಎಂದು ವಾರಕ್ಕೊಮ್ಮೆ ಕೇಳಲಿ. ಕೇರಳ ಸರಕಾರ 2017ರಲ್ಲಿ ಆರಂಭಿಸಿದ ‘ಆವಾಸ್’ ವಿಮೆಯಂಥ ಯೋಜನೆಗಳಿಗೆ ಅವರನ್ನು ಸೇರಿಸುವ ಕೆಲಸವನ್ನು ನಮ್ಮ ಯುವಕರು ವಹಿಸಿಕೊಳ್ಳಲಿ. ಅವರ ಭಾಷೆ ಬಾರದೆಂಬುದು ನೆಪವಾಗಬಾರದು. ಗಲ್ಫಿಗೆ ಹೋದ ದಿನ ನಮಗೂ ಅರಬ್ಬಿ ಬರುತ್ತಿರಲಿಲ್ಲ.

ಇವು ದೊಡ್ಡ ಕೆಲಸಗಳಲ್ಲ. ಒಂದು ಪುಸ್ತಕ, ಒಂದು ಪೆನ್ನು, ವಾರಕ್ಕೆ ಒಂದು ಗಂಟೆ ಇದ್ದರೆ ಆಗುತ್ತದೆ. ಮುಂದಿನ ಮಾಸಿಕ ಕೂಟದಲ್ಲಿ ಈ ಎರಡನ್ನೂ ಚರ್ಚೆಗೆ ತೆಗೆದುಕೊಂಡು, ಬರೀ ಭಾಷಣದಲ್ಲಿ ಮುಗಿಸದೆ, ಠರಾವಾಗಿ ಬರೆದು ಎಲ್ಲರೂ ಸಹಿ ಮಾಡಬೇಕೆಂದು ನನ್ನ ವಿನಂತಿ.